ಚೀಟಿಯಲ್ಲಿ ಬಂದ ಎರಡು ಪ್ರಶ್ನೆಗಳು



ಚಾಮರಾಜನಗರದಲ್ಲಿ ಸೇರಿದ್ದ ಯುವಜನರ ಒಂದು ಕೂಟಕ್ಕೆ ನನ್ನನ್ನು ಕರೆದಿದ್ದರು. ನಮ್ಮ ನಾಡಿನಲ್ಲಿ ಕುಟುಂಬ ನಡೆದುಬಂದ ದಾರಿಯನ್ನು ಕುರಿತು ನಾಲ್ಕು ಮಾತು ಆಡಬೇಕೆಂಬುದು ಅವರ ಅಪೇಕ್ಷೆ. ಮಾತು ಮುಗಿದ ಮೇಲೆ ‘ಪ್ರಶ್ನೆಗಳಿದ್ದರೆ ಕೇಳಿ’ ಎಂದರೆ ನಮ್ಮ ಮಕ್ಕಳು ಎದ್ದು ನಿಲ್ಲುವುದಿಲ್ಲವೆಂಬುದು ನಿಮಗೂ ಗೊತ್ತಿರುವ ಸಂಗತಿಯೇ. ಆದ್ದರಿಂದ ಬಾಗಿಲ ಬಳಿ ಒಂದು ಡಬ್ಬಿಯನ್ನಿಟ್ಟು, ಹೆಸರು ಬರೆಯದೆ ಚೀಟಿ ಹಾಕಿರೆಂದು ಹೇಳಿದ್ದರು. ಬಂದ ಚೀಟಿಗಳಲ್ಲಿ ಒಂದು ಬಸ್ಸಿನ ಟಿಕೆಟು. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ, ಮಹಿಳೆಯರಿಗೆ ಕೊಡುವ ಶೂನ್ಯ ದರದ ಟಿಕೆಟು. ಅದರ ಬೆನ್ನ ಮೇಲೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: ‘ನನಗೆ ಬಂದಿರುವ ಸಂಬಂಧದಲ್ಲಿ ಗಂಡಿಗೆ ಎರಡನೆಯ ಮದುವೆ. ಹೆಂಡತಿ ತೀರಿಕೊಂಡಿದ್ದಾರೆ, ಇಬ್ಬರು ಮಕ್ಕಳಿದ್ದಾರೆ. ಅವರಿಗೆ ಆಪರೇಷನ್ ಆಗಿದೆ ಎಂದು ಬೇರೆಯವರು ಹೇಳುತ್ತಾರೆ. ಅಂಥವರಿಗೆ ಚರ್ಚಿನಲ್ಲಿ ಮದುವೆ ಆಗುತ್ತದೆಯೆ? ಇದನ್ನು ನಾನೇ ಅವರನ್ನು ಕೇಳಬಹುದೆ?’

ಮೊದಲನೆಯ ಪ್ರಶ್ನೆಗೆ ಅಲ್ಲಿಯೇ ಉತ್ತರ ಹೇಳಿದೆ. ಎರಡನೆಯದಕ್ಕೂ ‘ಕೇಳಬಹುದು’ ಎಂದು ಒಂದೇ ಪದದಲ್ಲಿ ಹೇಳಿ ಮುಂದಿನ ಚೀಟಿಗೆ ಕೈ ಹಾಕಿದೆ. ಮನೆಗೆ ಬಂದ ಮೇಲೆ ಆ ಉತ್ತರ ನನಗೇ ಹಿಡಿಸಲಿಲ್ಲ. ತಾನು ಕೈಹಿಡಿಯಲಿರುವವನನ್ನು ಇಂಥ ಮಾತು ಕೇಳಲು ಒಬ್ಬ ಹೆಣ್ಣುಮಗಳು ಯಾರ ಅಪ್ಪಣೆಯನ್ನು, ಏಕೆ ಬೇಡಬೇಕಾಯಿತು? ಇದರ ಹಿಂದೆ ತೊಂಬತ್ತು ವರ್ಷಗಳಿಗೂ ಮಿಕ್ಕಿದ ಒಂದು ಇತಿಹಾಸವಿದೆ. ಅದು ನಮ್ಮ ಹಳೆಯ ಮೈಸೂರು ಸೀಮೆಯಲ್ಲಿಯೇ ಆರಂಭವಾಗುತ್ತದೆ.

ಚಾಮರಾಜನಗರವೆಂಬುದು ಒಂದು ಹುಟ್ಟಿನ ನೆನಪಿಗಾಗಿ ಹೆಸರು ಪಡೆದ ಊರು. ಮೊದಲು ಅರಿಕುಠಾರವೆಂದಿದ್ದ ಈ ಊರಿನಲ್ಲಿ ತಮ್ಮ ತಂದೆ ಚಾಮರಾಜ ಒಡೆಯರು ಜನಿಸಿದರೆಂಬ ಕಾರಣಕ್ಕೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಈ ಹೆಸರನ್ನಿಟ್ಟರು. ಊರಿನ ಜನನ ಮಂಟಪವನ್ನು ನೀವು ಕಂಡಿರಬಹುದು. ಸಂತಾನವೆಂದರೆ ಸಂಭ್ರಮ, ಸಂತಾನವಿಲ್ಲದಿರುವುದು ಅರಮನೆಗೂ ಗುಡಿಸಲಿಗೂ ಒಂದೇ ಬಗೆಯ ಸಂಕಟ ಎಂಬ ಕಾಲವದು. ಅದೇ ಮೈಸೂರು ಸರ್ಕಾರ 1930ರ ಜೂನ್ 11ರಂದು ಒಂದು ಆದೇಶ ಹೊರಡಿಸಿತು. ಬೆಂಗಳೂರು ಮತ್ತು ಮೈಸೂರಿನ ನಾಲ್ಕು ಪ್ರಮುಖ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಬೇಕೆಂಬುದೇ ಆ ಆದೇಶ. ಸರ್ಕಾರವೊಂದು ತಾನೇ ಮುಂದಾಗಿ ಇಂಥ ಚಿಕಿತ್ಸಾಲಯ ತೆರೆದದ್ದು ಲೋಕದಲ್ಲಿಯೇ ಮೊದಲೆಂದು ಇತಿಹಾಸಕಾರರು ಬರೆಯುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರು ಅರಸರಾಗಿದ್ದ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ದಿನಗಳವು. (ಇನ್ನೊಂದು ಜೂನ್ 11ರಂದು, 2023ರಲ್ಲಿ, ಕರ್ನಾಟಕದ ಹೆಣ್ಣುಮಕ್ಕಳಿಗೆ ಆ ಶೂನ್ಯ ದರದ ಟಿಕೆಟು ಸಿಕ್ಕಿತು. ಇದು ಬರಿಯ ಕಾಕತಾಳೀಯ. ಆದರೂ ಚೀಟಿಯನ್ನು ಕೈಯಲ್ಲಿ ಹಿಡಿದಾಗ ನೆನಪಾಯಿತು.)

1930 ಎಂಬ ಈ ವರ್ಷವನ್ನು ಗಮನದಲ್ಲಿಟ್ಟುಕೊಳ್ಳಿ. ಜೂನ್‌ನಲ್ಲಿ ಮೈಸೂರಿನ ಆದೇಶ ಹೊರಟಿತು. ಆಗಸ್ಟ್‌ನಲ್ಲಿ ಇಂಗ್ಲೆಂಡಿನಲ್ಲಿ ಸೇರಿದ್ದ ಆಂಗ್ಲಿಕನ್ ಧರ್ಮಾಧ್ಯಕ್ಷರ ಲ್ಯಾಂಬೆತ್ ಸಮ್ಮೇಳನವು ಕೆಲವು ನಿರ್ಬಂಧಗಳೊಡನೆ ಕೃತಕ ಸಂತಾನ ನಿಯಂತ್ರಣಕ್ಕೆ ಬಾಗಿಲು ತೆರೆಯಿತು. ಡಿಸೆಂಬರ್ 31ರಂದು ಹನ್ನೊಂದನೆಯ ಪಿಯುಸ್ ಜಗದ್ಗುರುಗಳು ‘ಕಾಸ್ತಿ ಕೊನ್ನೂಬಿ’ ಎಂಬ ಪರಿಪತ್ರದಲ್ಲಿ ಕಥೋಲಿಕ ಧರ್ಮಸಭೆಯ ಮಟ್ಟಿಗೆ ಅದನ್ನು ನಿಷೇಧಿಸಿದರು. ಏಳು ತಿಂಗಳೊಳಗೆ ಒಂದು ಸಂಸ್ಥಾನ ಮತ್ತು ಎರಡು ಕ್ರೈಸ್ತ ಪಂಥಗಳು ಗಂಡ ಹೆಂಡಿರ ಕೋಣೆಯ ಒಳಗಿನ ವಿಷಯದ ಬಗೆಗೆ ಮೂರು ಬೇರೆ ಬೇರೆ ಮಾತುಗಳನ್ನಾಡಿದವು. ಗುಂಡ್ಲುಪೇಟೆಯ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸಿಗೆ ಮಾತ್ರ ಈ ಮೂರೂ ಕೇಳಿಸಿರಲಾರವು. ಮೈಸೂರಿನ ಆಸ್ಪತ್ರೆ ಅವಳಿಗೆ ಹೆರಿಗೆಗೇ ದೂರವಾಗಿತ್ತು. ಇಪ್ಪತ್ತು ವರ್ಷಗಳ ಬಳಿಕ, 1951–52ರಲ್ಲಿ, ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಜೊತೆಯಾಗಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನವೂ ಹಳ್ಳಿಗಳಲ್ಲಿ ಸಂತಾನ ನಿಯಂತ್ರಣದ ಆಚರಣೆ ಇಲ್ಲವೆನ್ನುವಷ್ಟು ಕಡಿಮೆಯೆಂದೇ ಕಂಡುಕೊಂಡಿತು. ಇನ್ನು ಇಂದಿನ ನಮ್ಮ ಜಿಲ್ಲೆಯ ಕೊಳ್ಳೇಗಾಲದ ಭಾಗ ಆಗ ಮೈಸೂರಿಗೆ ಸೇರಿಯೇ ಇರಲಿಲ್ಲ. ಅದು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು.

ಈಗ ರಾಮನಗರಕ್ಕೆ ಹೋಗೋಣ. ಈ ಕಥೆಯಲ್ಲಿ ನನಗೆ ಬಹಳ ಪ್ರಿಯವಾದ ಅಧ್ಯಾಯ ಅಲ್ಲಿದೆ.

ಸ್ವತಂತ್ರ ಭಾರತದ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್. ಕಪೂರ್ಥಲದ ರಾಜಮನೆತನದಲ್ಲಿ, ಕ್ರೈಸ್ತ ವಿಶ್ವಾಸವನ್ನು ಸ್ವೀಕರಿಸಿದ್ದ ತಂದೆಯ ಮಗಳಾಗಿ ಹುಟ್ಟಿ, ಗಾಂಧೀಜಿಯವರ ಆಶ್ರಮದಲ್ಲಿ ಬಾಳಿದ ಹೆಣ್ಣುಮಗಳು. ಸಂತಾನ ನಿಯಂತ್ರಣದ ಪ್ರಚಾರಕಿ ಮಾರ್ಗರೆಟ್ ಸ್ಯಾಂಗರ್ 1935ರಲ್ಲಿ ವಾರ್ಧಾಕ್ಕೆ ಬಂದಾಗ ಗಾಂಧೀಜಿ ಆಕೆಯ ವಾದವನ್ನು ಒಪ್ಪಿರಲಿಲ್ಲ, ಸಂಯಮವೊಂದೇ ದಾರಿಯೆಂದಿದ್ದರು. ಅಮೃತ್ ಕೌರರ ಮನಸ್ಸೂ ಅದೇ ಕಡೆಗಿತ್ತು. ಆದ್ದರಿಂದ ಅವರು ವಿಶ್ವ ಆರೋಗ್ಯ ಸಂಸ್ಥೆಯನ್ನು ಕೇಳಿದ್ದು ಔಷಧಿ ಸಾಧನಗಳನ್ನಲ್ಲ, ತಿಂಗಳ ದಿನಗಳ ಲೆಕ್ಕವನ್ನು ಅನುಸರಿಸುವ ಸಹಜ ವಿಧಾನವನ್ನು. 1951ರಲ್ಲಿ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಭಾರತಕ್ಕೆ ಬಂದರು. ಪ್ರಯೋಗಕ್ಕೆ ಆಯ್ಕೆಯಾದ ಸ್ಥಳಗಳು ಎರಡು: ದೆಹಲಿಯ ಲೋಧಿ ಕಾಲೊನಿ, ಮತ್ತು ನಮ್ಮ ರಾಮನಗರ.

ಓದು ಬಾರದ ಹೆಂಗಸರು ದಿನಗಳ ಲೆಕ್ಕವಿಡುವುದು ಹೇಗೆ? ಸ್ಟೋನ್ ಒಂದು ಮಣಿಮಾಲೆಯನ್ನು ಯೋಚಿಸಿದರು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಮಣಿಯ ದಿನ ಗರ್ಭದ ಭಯವಿಲ್ಲ. ಕೆಂಪು ಮಣಿಯ ದಿನ ದಂಪತಿಗಳು ದೂರವಿರಬೇಕು. ಜಪಸರದ ಮಣಿಗಳನ್ನು ಬೆರಳಿನಿಂದ ಸರಿಸಿ ಅಭ್ಯಾಸವಿರುವ ನಮಗೆ ಇದು ತಟ್ಟನೆ ಅರ್ಥವಾಗುವ ಉಪಾಯ. ಆದರೆ ಮನೆಯೊಳಗೆ ಅದಕ್ಕೆ ನೂರು ತೊಡಕು. ದೀಪವಿಲ್ಲದ ಮನೆಯಲ್ಲಿ ರಾತ್ರಿ ಹಸಿರಾವುದು ಕೆಂಪಾವುದು ತಿಳಿಯದು. ಅದಕ್ಕಾಗಿ ಮುಟ್ಟಿ ಗುರುತಿಸುವಂತೆ ಮಣಿಗಳ ಆಕಾರವನ್ನೇ ಬೇರೆ ಮಾಡಬೇಕಾಯಿತು. ಕೆಲವರಿಗೆ ಸರಿಸಲು ಮರೆತುಹೋಗುತ್ತಿತ್ತು. ಮಣಿಯನ್ನು ಸರಿಸಿದರೆ ಸಾಕು, ಅದರಲ್ಲಿಯೇ ಏನೋ ಶಕ್ತಿಯಿದೆ, ಗರ್ಭ ನಿಲ್ಲುವುದಿಲ್ಲ ಎಂದು ನಂಬಿದವರೂ ಇದ್ದರಂತೆ. ಮೊದಲಿಗೆ ‘ನಮಗೂ ಕಲಿಸಿ’ ಎಂದವರು ಬಹಳ. ಕೊನೆಯವರೆಗೆ ಪಾಲಿಸಿದವರು ಕೆಲವೇ ಕೆಲವರು. ಕೆಲವು ವರ್ಷಗಳಲ್ಲಿ ಪ್ರಯೋಗ ಮುಗಿಯಿತು. ಜನಸಂಖ್ಯೆಯ ಪಂಡಿತರ ಪುಸ್ತಕಗಳಲ್ಲಿ ರಾಮನಗರದ ಮಣಿಗಳು ಒಂದು ನಗೆಯ ಕಥೆಯಾಗಿ ಉಳಿದಿವೆ.

ನನಗೆ ನಗು ಬರುವುದಿಲ್ಲ. ಆ ಮಾಲೆ ಕೆಲಸ ಮಾಡಬೇಕಾದರೆ ಗಂಡನೂ ಹೆಂಡತಿಯೂ ಪರಸ್ಪರ ಮಾತನಾಡಲೇಬೇಕಿತ್ತು. ‘ಇಂದು ಕೆಂಪು ಮಣಿ’ ಎಂದು ಹೆಂಡತಿ ಹೇಳಬೇಕು, ಗಂಡ ಅದನ್ನು ಕೇಳಿ ನಡೆಯಬೇಕು. ಅತ್ತೆ ಮಾವ ಮಲಗಿರುವ ಒಂದೇ ಕೋಣೆಯ ಮನೆಯಲ್ಲಿ, ಗಂಡನ ಹೆಸರನ್ನೇ ಬಾಯಲ್ಲಿ ಹೇಳದ ಕಾಲದಲ್ಲಿ, ಆ ಒಂದು ವಾಕ್ಯ ಎಷ್ಟು ಭಾರವಾಗಿದ್ದಿರಬೇಕು! ಸೋತದ್ದು ಮಣಿಗಳ ಲೆಕ್ಕವೊಂದೇ ಅಲ್ಲ. ಆಡಬೇಕಾಗಿದ್ದ ಮಾತನ್ನು ಆಡಲು ಅಲ್ಲಿ ಎಡೆಯಿರಲಿಲ್ಲ. ಮುಂದೆ ಸರ್ಕಾರಗಳು ಹಿಡಿದ ದಾರಿಯಾದರೋ ಆ ಮಾತಿನ ಅವಶ್ಯಕತೆಯೇ ಇಲ್ಲದ ದಾರಿ.

ಶಸ್ತ್ರಚಿಕಿತ್ಸೆಗೆ ಒಬ್ಬರು ಒಪ್ಪಿದರೆ ಸಾಕು. 1956ರಲ್ಲಿ ಮದ್ರಾಸ್ ಸರ್ಕಾರವು ಈ ಚಿಕಿತ್ಸೆ ಮಾಡಿಸಿಕೊಂಡ ಬಡವರಿಗೆ ಹಣ ಕೊಡುವ ಪದ್ಧತಿಯನ್ನು ಆರಂಭಿಸಿತು. ಮುಂದಿನ ದಶಕದಲ್ಲಿ ಕೆಂಪು ತ್ರಿಕೋನ ಎಲ್ಲ ಗೋಡೆಗಳ ಮೇಲೂ ಬಂತು. ‘ನಾವಿಬ್ಬರು ನಮಗಿಬ್ಬರು’, ‘ಚಿಕ್ಕ ಸಂಸಾರ ಚೊಕ್ಕ ಸಂಸಾರ’ ಎಂಬ ಬರಹಗಳನ್ನು ಓದಿಯೇ ನನ್ನ ಓರಗೆಯವರು ಅಕ್ಷರ ಕೂಡಿಸುವುದನ್ನು ಕಲಿತದ್ದು. ಆಗ ಆಪರೇಷನ್ ಎಂದರೆ ಬಹುಮಟ್ಟಿಗೆ ಗಂಡಸರ ಆಪರೇಷನ್, ಅಂದರೆ ವ್ಯಾಸೆಕ್ಟಮಿ. ಗುಂಡ್ಲುಪೇಟೆಯಿಂದ ಕಾಡು ದಾಟಿದರೆ ಸಿಗುವ ಕೇರಳದಲ್ಲಿ, ಎರ್ನಾಕುಳಂ ಜಿಲ್ಲಾಧಿಕಾರಿ ಎಸ್. ಕೃಷ್ಣಕುಮಾರ್ 1970ರ ಕೊನೆಯಲ್ಲಿ ಒಂದು ಬೃಹತ್ ಶಿಬಿರ ನಡೆಸಿದರು. 15,005 ಗಂಡಸರು ಬಂದರು. 1971ರ ಜುಲೈ ಶಿಬಿರದಲ್ಲಿ 63 ಸಾವಿರಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ಹಣ, ಉಡುಗೊರೆ, ಊಟ, ಮೆರವಣಿಗೆ, ಎಲ್ಲವೂ ಇದ್ದ ಜಾತ್ರೆಯದು. ದೇಶವೆಲ್ಲ ಆ ಮಾದರಿಯನ್ನು ಹಿಡಿಯಿತು. 1972–73ರಲ್ಲಿ ಭಾರತದ ಶಸ್ತ್ರಚಿಕಿತ್ಸೆಗಳ ಸಂಖ್ಯೆ 30 ಲಕ್ಷ ದಾಟಿತು.

ಈ ಚಿಕಿತ್ಸೆಯಲ್ಲಿ ನಡೆಯುವುದೇನು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುವುದು ಒಳ್ಳೆಯದು, ಏಕೆಂದರೆ ಮುಂದಿನ ಮಾತೆಲ್ಲ ಇದರ ಮೇಲೆ ನಿಂತಿದೆ. ವೀರ್ಯಾಣುಗಳು ಸಾಗುವ ಎರಡು ಸಣ್ಣ ನಾಳಗಳನ್ನು ಕತ್ತರಿಸಿ ಕಟ್ಟುತ್ತಾರೆ. ಅಷ್ಟೇ. ವೃಷಣಗಳನ್ನು ಮುಟ್ಟುವುದಿಲ್ಲ. ಗಂಡಸುತನವಾಗಲಿ, ದುಡಿಯುವ ಶಕ್ತಿಯಾಗಲಿ, ದಾಂಪತ್ಯಸುಖವಾಗಲಿ ಕುಂದುವುದಿಲ್ಲ. ಚಿಕಿತ್ಸೆಯಾದ ಮೇಲೂ ಸುಮಾರು ಮೂರು ತಿಂಗಳು ನಾಳದಲ್ಲಿ ವೀರ್ಯಾಣುಗಳು ಉಳಿದಿರುವ ಸಾಧ್ಯತೆಯಿದ್ದು, ಪರೀಕ್ಷೆ ಮಾಡಿಸಿಕೊಳ್ಳದೆ ನಿಶ್ಚಿಂತೆಯಿಂದಿರುವಂತಿಲ್ಲ. (ಇದನ್ನು ಸರಿಯಾಗಿ ತಿಳಿಸದ ಕಡೆಗಳಲ್ಲಿ ಎಷ್ಟು ಹೆಂಡಂದಿರು ನಿಷ್ಕಾರಣವಾಗಿ ಗಂಡನ ಅನುಮಾನಕ್ಕೆ ಗುರಿಯಾದರೋ ದೇವರೇ ಬಲ್ಲ.) ಕತ್ತರಿಸಿದ ನಾಳವನ್ನು ಮತ್ತೆ ಜೋಡಿಸುವ ಸೂಕ್ಷ್ಮ ಶಸ್ತ್ರಚಿಕಿತ್ಸೆ ಇದೆ, ಆದರೆ ಮಕ್ಕಳಾಗುವ ಭರವಸೆಯನ್ನು ಯಾವ ವೈದ್ಯರೂ ಕೊಡಲಾರರು. ಹೆಂಗಸರ ಚಿಕಿತ್ಸೆಯಾದರೆ ಹೊಟ್ಟೆಯನ್ನೇ ಕೊಯ್ಯಬೇಕು. ಎರಡರಲ್ಲಿ ಸುಲಭವೂ ಅಪಾಯ ಕಡಿಮೆಯದೂ ಗಂಡಸರದೇ.

ಅನಂತರ ಬಂದದ್ದು ತುರ್ತು ಪರಿಸ್ಥಿತಿ. 1976ರ ಏಪ್ರಿಲ್ 16ರಂದು ಆರೋಗ್ಯ ಸಚಿವ ಕರಣ್ ಸಿಂಗ್ ರಾಷ್ಟ್ರೀಯ ಜನಸಂಖ್ಯಾ ನೀತಿಯನ್ನು ಪ್ರಕಟಿಸಿದರು. 1976–77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ಅವುಗಳಲ್ಲಿ ಸುಮಾರು 62 ಲಕ್ಷ ಗಂಡಸರದು. ಅಧಿಕಾರಿಗಳಿಗೂ ನೌಕರರಿಗೂ ಇಷ್ಟು ಜನರನ್ನು ಕರೆತರಬೇಕೆಂಬ ಗುರಿ ನಿಗದಿಯಾಗಿತ್ತು. ಬಲವಂತದ ಕ್ರೌರ್ಯ ಉತ್ತರ ಭಾರತದಲ್ಲಿ ಮೇರೆ ಮೀರಿತು. 1977ರ ಚುನಾವಣೆಯಲ್ಲಿ ಉತ್ತರ ಪ್ರದೇಶದಲ್ಲಿ ಕಾಂಗ್ರೆಸ್ಸಿಗೆ ಒಂದು ಸ್ಥಾನವೂ ಸಿಗಲಿಲ್ಲ; ಕರ್ನಾಟಕದ 28ರಲ್ಲಿ ಅದು 26ನ್ನು ಗೆದ್ದಿತು. ಎರಡು ನಾಡುಗಳ ಅನುಭವ ಒಂದೇ ಆಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಡ. ಆದರೂ ಭಯಕ್ಕೆ ಗಡಿಯಿಲ್ಲ.

ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ನ್ಯಾಯಮೂರ್ತಿ ಜೆ. ಸಿ. ಷಾ ಆಯೋಗದ ವರದಿಯಲ್ಲಿ ಒಂದು ಅಂಕಿಯಿದೆ. ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ ಸಾವುಗಳು 1,774 ಎಂಬುದನ್ನು ಎಲ್ಲರೂ ಉದ್ಧರಿಸುತ್ತಾರೆ. ನಾನು ಹೇಳುತ್ತಿರುವುದು ಇನ್ನೊಂದನ್ನು: ಮದುವೆಯೇ ಆಗದವರಿಗೆ ಶಸ್ತ್ರಚಿಕಿತ್ಸೆ ಮಾಡಿದರೆಂಬ 548 ದೂರುಗಳು. ದೂರು ಕೊಡುವ ಧೈರ್ಯ ಮಾಡಿದವರ ಸಂಖ್ಯೆ ಇದು. ಆ ತರುಣರು ಊರಿಗೆ ಮರಳಿ, ಹೆಣ್ಣು ನೋಡಲು ಹೋಗಿ, ಏನೆಂದು ಹೇಳಿರಬಹುದು? ಹೇಳಿದವರಿಗೆ ಹೆಣ್ಣು ಸಿಕ್ಕಿರಲಾರದು. ಹೇಳದೆ ಮದುವೆಯಾದವರ ಹೆಂಡಂದಿರು ಬಂಜೆಯೆಂಬ ಮಾತನ್ನು ಹೊತ್ತು ಗುಡಿಯಿಂದ ಗುಡಿಗೆ ಅಲೆದಿರಬಹುದು. ಯಾವ ಆಯೋಗವೂ ಆ ಹೆಣ್ಣುಮಕ್ಕಳನ್ನು ಎಣಿಸಲಿಲ್ಲ. ಮಕ್ಕಳನ್ನು ರೋಗಕ್ಕೆ ಕಳೆದುಕೊಂಡು ಮತ್ತೆ ಮಕ್ಕಳನ್ನು ಬಯಸಿದ ತಂದೆಯರ, ಹೆಂಡತಿ ತೀರಿದ ಮೇಲೆ ಮರುಮದುವೆಗೆ ನಿಂತ ವಿಧುರರ ಪಾಡೂ ಇದೇ. ಆಪರೇಷನ್ ಎಂಬುದು ಬಾಯಿಬಿಟ್ಟು ಹೇಳದ, ಬಾಯಿಬಿಟ್ಟು ಕೇಳದ ಸಂಗತಿಯಾದದ್ದು ಹೀಗೆ.

ಗಂಡಸರು ದೂರ ಸರಿದರು. 1977–78ರಲ್ಲಿ ದೇಶದ ವ್ಯಾಸೆಕ್ಟಮಿಗಳ ಸಂಖ್ಯೆ ಎರಡು ಲಕ್ಷಕ್ಕೂ ಕೆಳಗಿಳಿಯಿತು. ಕುಟುಂಬ ಯೋಜನೆ ಎಂಬ ಹೆಸರನ್ನೇ ‘ಕುಟುಂಬ ಕಲ್ಯಾಣ’ ಎಂದು ಬದಲಿಸಿದರು. ಹೆಸರು ಬದಲಾದರೂ ಗುರಿ ಬದಲಾಗಲಿಲ್ಲ. ಗಂಡಸರ ಜಾಗದಲ್ಲಿ ಹೆಂಗಸರು ಬಂದು ಮಲಗಿದರು.

ತುರ್ತು ಪರಿಸ್ಥಿತಿ ತೆರವಾದದ್ದು 1977ರ ಮಾರ್ಚ್ 21ರಂದು. ಅದಾಗಿ ಎರಡು ತಿಂಗಳೊಳಗೆ, ಮೇ 13ರಂದು, ರೋಮಿನಲ್ಲಿ ಒಂದು ಪುಟ್ಟ ಆಜ್ಞಾಪತ್ರ ಹೊರಬಿತ್ತು. ಎರಡಕ್ಕೂ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ರೋಮಿನ ಚರ್ಚೆ ಅದಕ್ಕೂ ಬಹಳ ಹಿಂದಿನದು. ಆದರೆ ಗುಂಡ್ಲುಪೇಟೆಯ ಚೀಟಿಯ ಮೊದಲ ಪ್ರಶ್ನೆಗೆ ಉತ್ತರವಿರುವುದು ಆ ಪತ್ರದಲ್ಲಿಯೇ.

ಆ ಹಿನ್ನೆಲೆಯನ್ನು ಸ್ವಲ್ಪ ವಿವರಿಸಬೇಕು. 1587ರ ಜೂನ್ 27ರಂದು ಐದನೆಯ ಸಿಕ್ಸ್‌ತುಸ್ ಜಗದ್ಗುರುಗಳು ಸ್ಪೇನಿನ ತಮ್ಮ ರಾಯಭಾರಿಗೆ ಬರೆದ ಪತ್ರದಲ್ಲಿ, ಎರಡೂ ವೃಷಣಗಳಿಲ್ಲದ ಪುರುಷರ ವಿವಾಹ ಸಿಂಧುವಲ್ಲವೆಂದು ವಿಧಿಸಿದ್ದರು. ಅವರಲ್ಲಿ ನಿಜವಾದ ವೀರ್ಯವಿಲ್ಲವೆಂಬುದು ಅದರ ತರ್ಕ. ಇಪ್ಪತ್ತನೆಯ ಶತಮಾನದಲ್ಲಿ ವ್ಯಾಸೆಕ್ಟಮಿ ಬಂದಾಗ ಧರ್ಮಶಾಸ್ತ್ರಜ್ಞರು ಆ ಹಳೆಯ ಪತ್ರವನ್ನು ಮತ್ತೆ ತೆರೆದರು. ನಾಳವನ್ನು ಕತ್ತರಿಸಿಕೊಂಡವನಲ್ಲಿಯೂ ವೃಷಣದಿಂದ ಬರುವುದೇನೂ ಹೊರಬರುವುದಿಲ್ಲವಷ್ಟೆ. ಹಾಗಾದರೆ ಅವನೂ ಮದುವೆಗೆ ಅನರ್ಹನೆ? ಕೆಲವು ಧರ್ಮಪ್ರಾಂತೀಯ ನ್ಯಾಯಮಂಡಲಿಗಳು ಹೌದೆಂದವು, ಕೆಲವು ಇಲ್ಲವೆಂದವು. ದಶಕಗಟ್ಟಲೆ ಈ ಗೊಂದಲ ನಡೆಯಿತು. 1977ರ ಆಜ್ಞಾಪತ್ರ ಎರಡು ಪ್ರಶ್ನೆಗಳನ್ನು ಎತ್ತಿ ಒಂದೊಂದೇ ಪದದಲ್ಲಿ ಉತ್ತರಿಸಿತು. ವಿವಾಹಕ್ಕೆ ತಡೆಯಾಗುವ ನಪುಂಸಕತ್ವವೆಂದರೆ ದಾಂಪತ್ಯದ ಸಮಾಗಮಕ್ಕೆ ಮದುವೆಗೆ ಮೊದಲೇ ಇದ್ದ, ಶಾಶ್ವತವಾದ ಅಸಾಮರ್ಥ್ಯವೆ? ಹೌದು. ಆ ಸಮಾಗಮಕ್ಕೆ ವೃಷಣದಲ್ಲಿ ಉತ್ಪತ್ತಿಯಾದ ವೀರ್ಯವೇ ಬೇಕೆ? ಇಲ್ಲ. ಆರನೆಯ ಪೌಲ ಜಗದ್ಗುರುಗಳು ಇದಕ್ಕೆ ಅನುಮೋದನೆ ನೀಡಿದರು.

ಇದೇ ಪೌಲ ಜಗದ್ಗುರುಗಳು 1968ರ ಜುಲೈ 25ರ ‘ಹುಮಾನೆ ವೀತೆ’ ಪರಿಪತ್ರದಲ್ಲಿ ಕೃತಕ ಸಂತಾನ ನಿಯಂತ್ರಣವನ್ನೂ ಸಂತಾನಶಕ್ತಿಹರಣವನ್ನೂ ನಿಷೇಧಿಸಿದವರು ಎಂಬುದನ್ನು ಮರೆಯಬೇಡಿ. ಆಪರೇಷನ್ ತಪ್ಪೆಂದವರೇ, ಆಪರೇಷನ್ ಆದ ಮನುಷ್ಯನಿಗೆ ಮದುವೆಯ ಬಾಗಿಲು ಮುಚ್ಚಿಲ್ಲವೆಂದರು. ಕೃತ್ಯದ ಮೇಲಿನ ತೀರ್ಪು ಬೇರೆ, ಆ ಮನುಷ್ಯನ ಪಾಲಿಗೆ ಉಳಿಯುವ ಬಾಳು ಬೇರೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1084ನೆಯ ನಿಯಮ ಇದನ್ನೇ ನೇರವಾಗಿ ಹೇಳುತ್ತದೆ: ಸಂತಾನಹೀನತೆಯು ವಿವಾಹವನ್ನು ನಿಷೇಧಿಸುವುದೂ ಇಲ್ಲ, ಅಸಿಂಧುಗೊಳಿಸುವುದೂ ಇಲ್ಲ. ಆದ್ದರಿಂದ, ಆಗುತ್ತದೆ ತಾಯಿ. ಚರ್ಚಿನಲ್ಲಿಯೇ ಆಗುತ್ತದೆ.

ಆದರೆ ಆ ನಿಯಮಕ್ಕೆ ಒಂದು ಬಾಲವಿದೆ. ‘1098ನೆಯ ನಿಯಮಕ್ಕೆ ಭಂಗವಿಲ್ಲದಂತೆ’ ಎನ್ನುತ್ತದೆ ಸಂಹಿತೆ. 1098 ಏನು ಹೇಳುತ್ತದೆ? ದಾಂಪತ್ಯವನ್ನೇ ಕದಡುವಂಥ ಒಂದು ಗುಣದ ವಿಷಯದಲ್ಲಿ ವಂಚಿಸಿ ಒಪ್ಪಿಗೆ ಪಡೆದಿದ್ದರೆ ಆ ಮದುವೆ ಸಿಂಧುವಲ್ಲ. ಮಕ್ಕಳಾಗುವುದಿಲ್ಲವೆಂಬುದನ್ನು ಮುಚ್ಚಿಟ್ಟು ಕೈಹಿಡಿಯುವುದು ಇದಕ್ಕೆ ಎಲ್ಲ ವ್ಯಾಖ್ಯಾನಕಾರರೂ ಕೊಡುವ ಉದಾಹರಣೆ. ಒಟ್ಟಿನಲ್ಲಿ ಆಪರೇಷನ್ ಮದುವೆಗೆ ಅಡ್ಡಿಯಲ್ಲ. ಅದನ್ನು ಬಚ್ಚಿಟ್ಟದ್ದು ಅಡ್ಡಿಯಾಗಬಲ್ಲದು. ಮಕ್ಕಳೇ ಬೇಡವೆಂದು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡು ಬಲಿಪೀಠದ ಮುಂದೆ ಬೇರೊಂದನ್ನು ಹೇಳಿದವರ ಮದುವೆಗೆ 1101ನೆಯ ನಿಯಮವಿದೆ. ಮದುವೆಗೆ ಮೊದಲು ಧರ್ಮಗುರುಗಳು ವಧುವರರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ವಿಚಾರಿಸುತ್ತಾರಲ್ಲ, ಅದು ಬರಿಯ ಕಾಗದ ತುಂಬುವ ಶಾಸ್ತ್ರವಲ್ಲ.

ದೇಶದ ಕಾನೂನೂ ಈ ಮಾತಿನ ಸಮೀಪಕ್ಕೆ ಬಂದಿದೆ. 2007ರ ಮಾರ್ಚ್ 26ರಂದು ಸಮರ್ ಘೋಷ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮಾನಸಿಕ ಕ್ರೌರ್ಯವೆಂದರೆ ಏನೆಂಬುದಕ್ಕೆ ಒಂದು ಪಟ್ಟಿಯನ್ನೇ ಕೊಟ್ಟಿತು. ವೈದ್ಯಕೀಯ ಕಾರಣವಿಲ್ಲದೆ, ಹೆಂಡತಿಯ ಒಪ್ಪಿಗೆಯಿಲ್ಲದೆ ಅಥವಾ ಅವಳಿಗೆ ತಿಳಿಯದೆ ಗಂಡ ಸಂತಾನಶಕ್ತಿಹರಣ ಮಾಡಿಸಿಕೊಳ್ಳುವುದು ಆ ಪಟ್ಟಿಯಲ್ಲಿದೆ. ಹೆಂಡತಿಗೂ ಅದೇ ನಿಯಮ. (ಹೆಂಡತಿಯ ವಿಷಯ ಹೇಳುವಾಗಲೂ ತೀರ್ಪಿನಲ್ಲಿ ‘ವ್ಯಾಸೆಕ್ಟಮಿ’ ಎಂಬ ಪದವೇ ಬಂದುಬಿಟ್ಟಿದೆ! ದೊಡ್ಡವರ ಲೇಖನಿಯೂ ಜಾರುತ್ತದೆ.) ಆಸ್ಪತ್ರೆಯ ನಿಯಮ ಮಾತ್ರ ಇನ್ನೊಂದು ಬಗೆ. ಸರ್ಕಾರದ ಮಾನದಂಡದಂತೆ ಚಿಕಿತ್ಸೆಗೆ ಬರುವವರು ಮದುವೆಯಾದವರಾಗಿರಬೇಕು, ಒಂದು ವರ್ಷ ದಾಟಿದ ಒಂದು ಮಗುವಾದರೂ ಇರಬೇಕು. ಆದರೆ ಗಂಡನ ಅಥವಾ ಹೆಂಡತಿಯ ಒಪ್ಪಿಗೆ ಪತ್ರ ಕಡ್ಡಾಯವಲ್ಲ. ಹೇಳುವುದು ಬಿಡುವುದು ಆ ವ್ಯಕ್ತಿಯ ಮನಸ್ಸಾಕ್ಷಿಗೆ ಬಿಟ್ಟದ್ದು.

ಅಮೆರಿಕದಲ್ಲಿ 2022ರ ಜೂನ್‌ನಲ್ಲಿ ಗರ್ಭಪಾತದ ಹಕ್ಕಿನ ಹಳೆಯ ತೀರ್ಪು ರದ್ದಾದ ಮೇಲೆ ಚಿಕ್ಕ ವಯಸ್ಸಿನ ಗಂಡಸರೂ ವ್ಯಾಸೆಕ್ಟಮಿಗೆ ಮುಂದಾಗುವುದು ಹೆಚ್ಚಿತು. ಅಲ್ಲಿ ಗಂಡು ಹೆಣ್ಣು ಪರಿಚಯದ ಮೊದಲ ದಿನಗಳಲ್ಲಿಯೇ ಇದನ್ನು ಮಾತನಾಡುತ್ತಾರಂತೆ. ನಮ್ಮಲ್ಲಿ ನಡೆದಿರುವುದು ಅದಕ್ಕೆ ತದ್ವಿರುದ್ಧ. 2019–20ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕರ್ನಾಟಕದ ಪುಟವನ್ನು ತೆರೆದು ನೋಡಿ. ಮದುವೆಯಾದ ಹೆಂಗಸರಲ್ಲಿ ಶೇಕಡಾ 57.4ರಷ್ಟು ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದವರ ಕಂಬದಲ್ಲಿ 0.0 ಎಂದಿದೆ. ಒಂದೂ ಇಲ್ಲವೆಂದಲ್ಲ, ಲೆಕ್ಕಕ್ಕೆ ಸಿಗುವಷ್ಟಿಲ್ಲ. ಒಂದು ಹೆಣ್ಣಿಗೆ ಸರಾಸರಿ ಮಕ್ಕಳ ಸಂಖ್ಯೆ 1.7ಕ್ಕೆ ಇಳಿದಿದೆ. ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 9,65,462 ಇದ್ದದ್ದು 2011ರಲ್ಲಿ 10,20,791 ಆಯಿತು. ಹತ್ತು ವರ್ಷಗಳ ಏರಿಕೆ ಶೇಕಡಾ 6ಕ್ಕೂ ಕಡಿಮೆ. ಚಿಕ್ಕ ಸಂಸಾರದ ಗುರಿಯನ್ನು ನಾಡು ಮುಟ್ಟಿದೆ. ಮುಟ್ಟಿಸಿದ್ದು ಯಾರ ಮೈ ಎಂಬುದನ್ನು ಆ ಎರಡು ಅಂಕಿಗಳೇ ಹೇಳುತ್ತವೆ. ಗಂಡನಿಗೆ ಮಾಡಿಸಿದರೆ ಹೊಲದ ಕೆಲಸಕ್ಕೆ ಆಗುವುದಿಲ್ಲವೆಂದು, ಬಾಣಂತನದಲ್ಲಿಯೇ ಮಗಳಿಗೋ ಸೊಸೆಗೋ ಮುಗಿಸಿಬಿಡುವ ತಾಯಂದಿರು ನಮ್ಮ ನಿಮ್ಮ ಮನೆಗಳಲ್ಲಿಯೇ ಇದ್ದಾರೆ. ಅವಳು ಹೊಲದ ಕೆಲಸಕ್ಕೆ ಹೋಗುವುದಿಲ್ಲವೆ?

ಮದುವೆಯ ಸಂತೆಯೂ ಬದಲಾಗಿದೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ರೈತಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಬಂದದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಅದನ್ನು ತಮಾಷೆಯ ಸುದ್ದಿಯಾಗಿ ಓದಿದವರೇ ಹೆಚ್ಚು. ಹೆಣ್ಣುಮಕ್ಕಳು ಓದಿದ್ದಾರೆ, ಮೈಸೂರು ಬೆಂಗಳೂರುಗಳಲ್ಲಿ ದುಡಿಯುತ್ತಿದ್ದಾರೆ, ಹಳ್ಳಿಯ ಹೊಲಮನೆಗೆ ಹಿಂದಿರುಗಲು ಒಪ್ಪುತ್ತಿಲ್ಲ. ಗಂಡನ್ನು ನೋಡುವ ಮುಂಚೆಯೇ ಮೊಬೈಲಿನಲ್ಲಿ ಮಾತು ನಡೆದಿರುತ್ತದೆ. ಸಂಬಳವೆಷ್ಟು, ಮನೆಯಲ್ಲಿ ಯಾರಿದ್ದಾರೆ, ಮದುವೆಯಾದ ಮೇಲೆ ಕೆಲಸ ಬಿಡಬೇಕೆ ಎಂಬುದನ್ನೆಲ್ಲ ಕೇಳಿಯೇ ಕೇಳುತ್ತಾರೆ. ಮಕ್ಕಳು ಎಷ್ಟು, ಯಾವಾಗ, ಬೇಡವಾದಾಗ ಆ ಹೊಣೆ ಯಾರದು ಎಂಬಲ್ಲಿಗೆ ಬಂದಾಗ ನಾಲಿಗೆ ನಿಲ್ಲುತ್ತದೆ. ರಾಮನಗರದ ಒಂದೇ ಕೋಣೆಯ ಮನೆಯಲ್ಲಿ ನಿಂತ ಆ ನಾಲಿಗೆಯೇ ಇದು.

ಸಹಜ ವಿಧಾನವೂ ಮಣಿಮಾಲೆಯ ಕಾಲದಿಂದ ಬಹಳ ಮುಂದೆ ಬಂದಿದೆ. ಆಸ್ಟ್ರೇಲಿಯದ ಜಾನ್ ಮತ್ತು ಎವೆಲಿನ್ ಬಿಲ್ಲಿಂಗ್ಸ್ ಎಂಬ ವೈದ್ಯ ದಂಪತಿಗಳು ರೂಪಿಸಿದ, ದೇಹದ ಲಕ್ಷಣಗಳನ್ನು ಗಮನಿಸುವ ಕ್ರಮವನ್ನು ವಿವಾಹ ಸಿದ್ಧತಾ ಶಿಬಿರಗಳಲ್ಲಿ ಕಲಿಸುತ್ತಾರೆ. ಕಲಿಸುವವರು ಹೇಳಿಕೊಡುವುದು ಹೆಣ್ಣಿಗೆ. ಅದು ನಡೆಯುವುದು ಗಂಡು ಕೇಳಿಸಿಕೊಂಡರೆ ಮಾತ್ರ. ಈ ದಾರಿಯನ್ನು ಹಿಡಿದರೂ ಇನ್ನೊಂದನ್ನು ಹಿಡಿದರೂ ಮಾತು ತಪ್ಪಿದ್ದಲ್ಲ.

ಮಗಳಿಗೆ ಸಂಬಂಧ ನೋಡುತ್ತಿರುವ ತಂದೆತಾಯಿಗಳು ನೀವಾಗಿದ್ದರೆ ನಿಮ್ಮಲ್ಲಿ ಒಂದು ಅರಿಕೆ. ಎರಡನೆಯ ಸಂಬಂಧವೆಂದು ಗೊತ್ತಾದಾಗ ನೀವು ದಲ್ಲಾಳಿಯ ಮೂಲಕ, ದೂರದ ನೆಂಟರ ಮೂಲಕ ಗುಟ್ಟಾಗಿ ವಿಚಾರಿಸುತ್ತೀರಿ. ಸಿಕ್ಕ ಉತ್ತರವನ್ನು ಮಗಳಿಗೆ ಹೇಳುವುದಿಲ್ಲ; ‘ಅವನಿಗೆ ಮಕ್ಕಳಿವೆಯಲ್ಲ, ಸಾಕು’ ಎಂದುಬಿಡುತ್ತೀರಿ. ಸಾಕೋ ಬೇಕೋ ಎಂಬುದನ್ನು ಅವಳು ಹೇಳಲಿ. ಇನ್ನೊಬ್ಬಳು ಹೆತ್ತ ಮಕ್ಕಳನ್ನು ತನ್ನವೆಂದು ಸಾಕಲು ಮನಸಾರೆ ಒಪ್ಪುವ ಹೆಣ್ಣುಮಕ್ಕಳಿದ್ದಾರೆ, ಒಪ್ಪದವರೂ ಇದ್ದಾರೆ. ಇಬ್ಬರಲ್ಲಿ ಯಾರೂ ತಪ್ಪು ಮಾಡುತ್ತಿಲ್ಲ. ಆ ಗಂಡಿನ ಕಡೆಯಿಂದಲೂ ಒಂದು ಕ್ಷಣ ಯೋಚಿಸಿ. ಕಾಯಿಲೆಯ ಹೆಂಡತಿಯ ಹೊಟ್ಟೆಗೆ ಮತ್ತೆ ಕತ್ತಿ ಬೀಳದಿರಲೆಂದು ತಾನೇ ಹೋಗಿ ಮಲಗಿದವನಾಗಿದ್ದರೆ, ಆ 0.0ರ ಆಚೆ ನಿಂತ ಅಪರೂಪದ ಮನುಷ್ಯ ಅವನು. ಅದನ್ನು ಬೇರೆಯವರ ಬಾಯಿಂದ ಪಿಸುಮಾತಾಗಿ ಕೇಳಿ ಕುಂದೆಂದುಕೊಳ್ಳುವುದಕ್ಕೂ ಅವನ ಬಾಯಿಂದಲೇ ಕೇಳುವುದಕ್ಕೂ ಎಷ್ಟೊಂದು ಅಂತರ!

ಇದಿಷ್ಟನ್ನೂ ಅಂದು ಆ ಕೂಟದಲ್ಲಿ ಹೇಳಬೇಕಿತ್ತು. ಹೇಳಲಿಲ್ಲ, ಸಂಜೆಯಾಗುತ್ತಿತ್ತು, ಊರುಗಳಿಗೆ ಹೋಗುವ ಬಸ್ಸುಗಳಿಗಾಗಿ ಮಕ್ಕಳು ಅವಸರದಲ್ಲಿದ್ದರು. ಡಬ್ಬಿಯಲ್ಲಿದ್ದ ಚೀಟಿಗಳನ್ನೆಲ್ಲ ಅಲ್ಲಿಯೇ ಹರಿದುಹಾಕಿದರು. ಆ ಟಿಕೆಟನ್ನು ಮಾತ್ರ ನಾನು ಜೇಬಿನಲ್ಲಿಟ್ಟುಕೊಂಡು ಬಂದೆ. ಅದರ ಮುಂಭಾಗದ ಅಚ್ಚು ಈಗಾಗಲೇ ಮಾಸಿಹೋಗಿದೆ; ಹಿಂಭಾಗದಲ್ಲಿ ಪೆನ್ನಿನಿಂದ ಬರೆದದ್ದು ಹಾಗೆಯೇ ಇದೆ. ಅದನ್ನು ಬರೆದಾಕೆಯ ಕೈಗೂ ಈ ಪತ್ರಿಕೆ ಬರುತ್ತದೆಂದು ನಂಬಿ ಬರೆದಿದ್ದೇನೆ. ಮಗಳೇ, ಕೇಳು. ಅವರನ್ನೇ ಕೇಳು.